ಈ ಯಂತ್ರಕ್ಕೆ ಊಟ ಎಲ್ಲಿಂದ?

ಶಿರಸಿ ಕಡೆಯ ಹಳ್ಳಿಯಲ್ಲಿರುವ ನನ್ನ ಭಾವಮೈದುನ ರಾತ್ರಿ ಊಟ ಮುಗಿಸಿ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕಳಿಸುತ್ತಾನೆ. ಹೆಚ್ಚಿನವು ಒಂದೇ ಬಗೆಯವು. ಹಳೆಯ ಸೈಕಲ್ ಚಕ್ರ, ಅದರ ರಿಮ್ಮಿನ ಸುತ್ತ ಅಂಟಿಸಿದ ಆಯಸ್ಕಾಂತಗಳು, ಪಕ್ಕದಲ್ಲೊಂದು ಡೈನಮೊ, ವೈರಿನ ತುದಿಯಲ್ಲಿ ಬಲ್ಬು. ಯಾರೋ ಒಬ್ಬರು ಚಕ್ರವನ್ನು ಒಮ್ಮೆ ತಿರುಗಿಸಿ ಕೈ ಬಿಡುತ್ತಾರೆ. ಚಕ್ರ ತಿರುಗುತ್ತಲೇ ಇರುತ್ತದೆ, ಬಲ್ಬು ಉರಿಯುತ್ತಲೇ ಇರುತ್ತದೆ. ಕೆಳಗೆ ಅವನ ಪ್ರಶ್ನೆ: ‘ಭಾವ, ಇದು ನಮ್ಮ ಪಂಪಿಗೆ ಆಗಬಹುದಾ?’

ಅವನು ದಡ್ಡನಲ್ಲ. ಸುಟ್ಟ ಮೋಟಾರಿನ ಕಾಯಿಲ್ ತಾನೇ ಸುತ್ತಿಕೊಳ್ಳುವವನು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ನಾಲ್ಕು ದಿನ ಕತ್ತಲು, ಬೇಸಿಗೆಯಲ್ಲಿ ವೋಲ್ಟೇಜ್ ಇಲ್ಲದೆ ಪಂಪು ನೀರೆತ್ತದು. ಅಂಥವನಿಗೆ ಡೀಸೆಲ್ಲೂ ಬೇಡದ, ಕರೆಂಟೂ ಬೇಡದ ಯಂತ್ರದ ಆಸೆ ಹುಟ್ಟುವುದು ಸಹಜ. ಈ ಆಸೆಗೆ ಸಾವಿರ ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅದರ ಮೊದಲ ಪುಟಗಳು ನಮ್ಮ ನೆಲದಲ್ಲೇ ಬರೆಯಲ್ಪಟ್ಟಿವೆ. ಒಂದು ಸಾಲಿನಲ್ಲಿ ‘ಆಗುವುದಿಲ್ಲ’ ಎಂದು ಉತ್ತರ ಕಳಿಸಿದರೆ ಅವನಿಗೂ ಆ ಚರಿತ್ರೆಗೂ ಅನ್ಯಾಯವಾಗುತ್ತದೆ ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಕ್ರಿ.ಶ. 499ರ ಆರ್ಯಭಟೀಯದಲ್ಲಿ ಒಂದು ಗೋಳಯಂತ್ರದ ಮಾತು ಬರುತ್ತದೆ. ಎಲ್ಲ ಕಡೆಯೂ ಸಮತೂಕವಿರುವ ಹಗುರ ಮರದ ಗೋಳ. ಅದನ್ನು ಪಾದರಸ, ಎಣ್ಣೆ, ನೀರಿನ ಸಹಾಯದಿಂದ ಕಾಲಕ್ಕೆ ಸರಿಯಾಗಿ ತಿರುಗಿಸಬೇಕು. ಆಕಾಶ ದಿನಕ್ಕೊಮ್ಮೆ ಸುತ್ತುವುದನ್ನು ಮನೆಯೊಳಗೇ ತೋರಿಸುವ ಉದ್ದೇಶ. ಪಾತ್ರೆಯಿಂದ ನೀರು ಸಣ್ಣಗೆ ಸೋರುತ್ತದೆ, ನೀರಿನ ಮೇಲೆ ತೇಲುವ ಬುರುಡೆ ಇಳಿಯುತ್ತದೆ, ಬುರುಡೆಗೆ ಕಟ್ಟಿದ ದಾರ ಗೋಳವನ್ನು ಎಳೆಯುತ್ತದೆ ಎಂದು ನಂತರದ ವ್ಯಾಖ್ಯಾನಕಾರರು ಬಿಡಿಸಿ ಹೇಳಿದ್ದಾರೆ. ಇದು ನಡೆಯುವ ಯಂತ್ರ. ಇಳಿಯುವ ನೀರೇ ಅದರ ಊಟ. ಪಾತ್ರೆ ಖಾಲಿಯಾದರೆ ಗೋಳ ನಿಲ್ಲುತ್ತದೆ, ಮತ್ತೆ ತುಂಬಬೇಕು.

ಈ ತುಂಬುವ ಕೆಲಸವೂ ಬೇಡವಾದರೆ ಹೇಗೆ ಎಂಬ ಯೋಚನೆ 628ರಲ್ಲಿ ಬ್ರಹ್ಮಗುಪ್ತನ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಕಾಣುತ್ತದೆ. ಖಗೋಳಶಾಸ್ತ್ರಜ್ಞ ಲಲ್ಲನಲ್ಲೂ ಇದೆ. 1150ರಲ್ಲಿ ಎರಡನೆಯ ಭಾಸ್ಕರಾಚಾರ್ಯರ ಸಿದ್ಧಾಂತ ಶಿರೋಮಣಿಗೆ ಬರುವ ಹೊತ್ತಿಗೆ ಅದು ಸ್ಪಷ್ಟವಾದ ವಿನ್ಯಾಸವಾಗಿದೆ. ಹಗುರ ಮರದ ಚಕ್ರ. ಅದರ ಕಡ್ಡಿಗಳು ಟೊಳ್ಳು, ಎಲ್ಲವೂ ಒಂದೇ ಅಳತೆ, ಒಂದೇ ಕಡೆಗೆ ಒಂದಿಷ್ಟು ಓರೆ. ಪ್ರತಿ ಕಡ್ಡಿಯಲ್ಲೂ ಅರ್ಧ ಪಾದರಸ ತುಂಬಿ ಬಾಯಿ ಮುಚ್ಚಿ, ಎರಡು ಆಧಾರಗಳ ನಡುವೆ ಅಚ್ಚಿನ ಮೇಲೆ ಕೂರಿಸಿದರೆ ಚಕ್ರ ತಾನಾಗಿಯೇ ತಿರುಗುತ್ತದೆ ಎಂಬುದು ಅಲ್ಲಿನ ಹೇಳಿಕೆ. ಹೆಸರು ಸ್ವಯಂವಹ ಯಂತ್ರ. ಭಾಸ್ಕರರ ಊರು ವಿಜ್ಜಡವಿಡ ಯಾವುದು ಎಂಬ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಅದು ನಮ್ಮ ವಿಜಯಪುರವೇ ಎನ್ನುವವರು ಬಹಳ. ಮೊಮ್ಮಗ ಚಂಗದೇವನ ಶಾಸನ ಸಿಕ್ಕ ಮಹಾರಾಷ್ಟ್ರದ ಪಾಟಣದ ಕಡೆಗೆ ಕೈ ತೋರಿಸುವವರೂ ಇದ್ದಾರೆ. ಎಲ್ಲಿಯವರೇ ಆಗಲಿ, ಲೀಲಾವತಿ ಬರೆದ ಕೈಯಿಂದ ಬಂದ ಈ ಚಕ್ರವನ್ನು ನಾನು ಗೌರವದಿಂದಲೇ ನೋಡುತ್ತೇನೆ. ಅದು ತಿರುಗುವುದಿಲ್ಲ ಎಂದು ಗೊತ್ತಿದ್ದೂ.

ಏಕೆ ತಿರುಗುವುದಿಲ್ಲ? ಓರೆ ಕಡ್ಡಿಯಿಂದಾಗಿ ಇಳಿಯುವ ಬದಿಯಲ್ಲಿ ಪಾದರಸ ಅಂಚಿಗೆ ಹರಿಯುತ್ತದೆ, ಏರುವ ಬದಿಯಲ್ಲಿ ಅಚ್ಚಿನ ಹತ್ತಿರಕ್ಕೆ ಸರಿಯುತ್ತದೆ. ಸನ್ನೆಕೋಲಿನ ಲೆಕ್ಕದಲ್ಲಿ ದೂರವಿರುವ ತೂಕಕ್ಕೆ ಬಲ ಹೆಚ್ಚು, ಆದ್ದರಿಂದ ಇಳಿಯುವ ಬದಿ ಸದಾ ಗೆಲ್ಲಬೇಕು. ಕಣ್ಣಿಗೆ ಕಾಣುವ ಲೆಕ್ಕ ಇಷ್ಟು. ಕಾಣದ ಲೆಕ್ಕ ಇನ್ನೊಂದಿದೆ. ಚಕ್ರವನ್ನು ನಿಲ್ಲಿಸಿ ತೂಕಗಳನ್ನು ಎಣಿಸಿ ನೋಡಿದರೆ, ದೂರಕ್ಕೆ ಚಾಚಿದ ಬದಿಯಲ್ಲಿ ಅವುಗಳ ಸಂಖ್ಯೆ ಕಡಿಮೆ, ಹತ್ತಿರಕ್ಕೆ ಸರಿದ ಬದಿಯಲ್ಲಿ ಹೆಚ್ಚು. ದೂರದಲ್ಲಿ ಗಳಿಸಿದ್ದನ್ನು ಸಂಖ್ಯೆಯಲ್ಲಿ ಕಳೆದುಕೊಂಡಿರುತ್ತೇವೆ. ಎರಡೂ ಸೇರಿ ಸೊನ್ನೆ. ಅಚ್ಚಿನ ಘರ್ಷಣೆ ಆ ಸೊನ್ನೆಯಿಂದಲೂ ಒಂದಿಷ್ಟು ಕಿತ್ತುಕೊಳ್ಳುತ್ತದೆ, ಚಕ್ರ ನಿಲ್ಲುತ್ತದೆ.

ಈ ಕಲ್ಪನೆ ಅರಬ್ಬರ ಮೂಲಕ ಯುರೋಪಿಗೆ ಹೋಯಿತೆಂದು ತಂತ್ರಜ್ಞಾನದ ಇತಿಹಾಸಕಾರ ಲಿನ್ ವೈಟ್ ವಾದಿಸಿದ್ದರು. ಹದಿಮೂರನೆಯ ಶತಮಾನದ ಫ್ರಾನ್ಸಿನ ವಿಲಾರ್ ದ ಒನ್‌ಕೂರ್ ತನ್ನ ಚಿತ್ರಪುಸ್ತಕದಲ್ಲಿ ಪಾದರಸದ ಬದಲು ಸುತ್ತಿಗೆಗಳನ್ನು ತೂಗುಹಾಕಿದ ಚಕ್ರವನ್ನು ಬರೆದಿಟ್ಟ. ಲಿಯೊನಾರ್ಡೊ ಡ ವಿಂಚಿ ಇಂಥ ಹಲವು ಚಕ್ರಗಳನ್ನು ಬಿಡಿಸಿ, ಲೆಕ್ಕ ಹಾಕಿ, ಇದರ ಬೆನ್ನು ಹತ್ತಿದವರನ್ನು ಚಿನ್ನ ಮಾಡಲು ಹೊರಟ ರಸವಾದಿಗಳ ಸಾಲಿಗೆ ಸೇರಿಸಿದ. 1618ರಲ್ಲಿ ಇಂಗ್ಲೆಂಡಿನ ರಾಬರ್ಟ್ ಫ್ಲಡ್ ಬರೆದ ಗಿರಣಿಯಲ್ಲಿ ನೀರು ಬಿದ್ದು ಚಕ್ರ ತಿರುಗಿಸುತ್ತದೆ, ಅದೇ ಚಕ್ರ ತಿರುಪಿನಿಂದ ನೀರನ್ನು ಮತ್ತೆ ಮೇಲೆತ್ತುತ್ತದೆ, ಜೊತೆಗೆ ಕಲ್ಲು ತಿರುಗಿಸಿ ಹಿಟ್ಟನ್ನೂ ಬೀಸಿಕೊಡುತ್ತದೆ. ಇವತ್ತಿನ ಡೈನಮೊ ವಿಡಿಯೊಗಳ ನೇರ ಅಜ್ಜ ಅದೇ.

ಈ ಸಾಲಿನಲ್ಲಿ ನನಗೆ ತೀರಾ ಇಷ್ಟವಾದವನು ಸೈಮನ್ ಸ್ಟೆವಿನ್. ಡಚ್ ಭಾಷೆಯಲ್ಲಿ ಬರೆಯುತ್ತಿದ್ದ ಈ ಎಂಜಿನಿಯರ್ 1586ರಲ್ಲಿ ಒಂದು ತ್ರಿಕೋನದ ಮೇಲೆ ಗುಂಡುಗಳ ಸರವನ್ನು ಹೊದಿಸಿದ ಚಿತ್ರ ಪ್ರಕಟಿಸಿದ. ತ್ರಿಕೋನದ ಒಂದು ಬದಿ ಉದ್ದ, ಇಳಿಜಾರು ಕಡಿಮೆ. ಇನ್ನೊಂದು ಗಿಡ್ಡ, ಇಳಿಜಾರು ಕಡಿದು. ಉದ್ದ ಬದಿಯಲ್ಲಿ ಗುಂಡುಗಳು ಹೆಚ್ಚು. ಹಾಗಾದರೆ ಸರ ಆ ಕಡೆಗೆ ಜಾರಬೇಕಲ್ಲವೇ? ಜಾರಿದರೆ ಹಿಂದಿನಿಂದ ಅಷ್ಟೇ ಗುಂಡುಗಳು ಬಂದು ಕೂರುತ್ತವೆ, ಮತ್ತೆ ಜಾರುತ್ತದೆ, ನಿಲ್ಲುವ ಮಾತೇ ಇಲ್ಲ. ಹಾಗೆ ಎಂದೂ ಆಗದು ಎಂಬುದನ್ನು ಸ್ಟೆವಿನ್ ನಂಬಿದ. ಆ ನಂಬಿಕೆಯೊಂದನ್ನೇ ಊರಿಕೊಂಡು ಇಳಿಜಾರಿನ ಮೇಲೆ ತೂಕ ಎಷ್ಟು ಬಲದಿಂದ ಎಳೆಯುತ್ತದೆ ಎಂಬ ನಿಯಮವನ್ನು ಹೊರತೆಗೆದ. ಉಳಿದವರಿಗೆ ಸೋಲಾಗಿದ್ದದ್ದು ಅವನಿಗೆ ಅಳತೆಗೋಲಾಯಿತು.

ಮೋಸದ ಅಧ್ಯಾಯವೂ ಇದೆ, ಅದನ್ನು ಹಾರಿಸುವಂತಿಲ್ಲ. ಜರ್ಮನಿಯ ಯೋಹಾನ್ ಬೆಸ್ಲರ್ ‘ಓರ್ಫಿರಿಯಸ್’ ಎಂಬ ಹೆಸರಿಟ್ಟುಕೊಂಡು 1712ರಿಂದ ಚಕ್ರಗಳನ್ನು ಪ್ರದರ್ಶಿಸಿದ. 1717ರಲ್ಲಿ ಹೆಸ್ಸೆ-ಕಾಸೆಲ್‌ನ ದೊರೆ ಕಾರ್ಲ್‌ನ ಕೋಟೆಯಲ್ಲಿ ಸುಮಾರು 12 ಅಡಿ ಅಗಲದ ಚಕ್ರವನ್ನು ಕೋಣೆಯಲ್ಲಿಟ್ಟು ಬಾಗಿಲಿಗೆ ಮುದ್ರೆ ಹಾಕಿದರು. ಕೆಲವು ವಾರಗಳ ನಂತರ ತೆರೆದಾಗಲೂ ತಿರುಗುತ್ತಿತ್ತು. ವಿಜ್ಞಾನಿ ಗ್ರಾವೆಸಾಂಡೆ 1721ರಲ್ಲಿ ಅಚ್ಚನ್ನು ಪರೀಕ್ಷಿಸಿದ ಮೇಲೆ ಬೆಸ್ಲರ್ ಸಿಟ್ಟಿನಿಂದ ಚಕ್ರವನ್ನೇ ಒಡೆದು ಹಾಕಿದ. 1727ರಲ್ಲಿ ಅವನ ಮನೆಯ ಕೆಲಸದಾಕೆ, ಪಕ್ಕದ ಕೋಣೆಯಿಂದ ತಾವೇ ಅದನ್ನು ತಿರುಗಿಸುತ್ತಿದ್ದೆವು ಎಂದು ಹೇಳಿಕೆ ಕೊಟ್ಟಳು. ಅವಳ ಮಾತನ್ನು ಒಪ್ಪದೆ ಬೆಸ್ಲರ್‌ನನ್ನು ನಂಬುವವರು ಇಂದಿಗೂ ಇದ್ದಾರೆ.

ಅಮೆರಿಕದ ಚಾರ್ಲ್ಸ್ ರೆಡ್‌ಹೆಫರ್‌ನ ಕಥೆ ವಿಡಿಯೊ ನೋಡುವವರಿಗೆ ಇನ್ನೂ ಹತ್ತಿರದ್ದು. 1812ರಲ್ಲಿ ಫಿಲಡೆಲ್ಫಿಯಾದಲ್ಲಿ ಅವನು ಪ್ರದರ್ಶನಕ್ಕಿಟ್ಟ ಯಂತ್ರದ ಬಣ್ಣ ಬಯಲಾಯಿತು. ಮರುವರ್ಷ ನ್ಯೂಯಾರ್ಕಿಗೆ ಹೋಗಿ ಅಲ್ಲಿ ಟಿಕೆಟ್ ಇಟ್ಟು ತೋರಿಸತೊಡಗಿದ. ಉಗಿದೋಣಿಯಿಂದ ಹೆಸರಾಗಿದ್ದ ರಾಬರ್ಟ್ ಫುಲ್ಟನ್ ನೋಡಲು ಬಂದವನು ಮೊದಲು ಕಿವಿಗೊಟ್ಟ. ಯಂತ್ರದ ಸದ್ದು ಒಂದೇ ಸಮನಾಗಿರಲಿಲ್ಲ, ಏರಿಳಿಯುತ್ತಿತ್ತು. ಕೈಯಿಂದ ಹಿಡಿಕೆ ತಿರುಗಿಸಿದಾಗ ಹಾಗಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಗೋಡೆಗೆ ಆಧಾರವೆಂಬಂತೆ ಹೊಡೆದಿದ್ದ ಪಟ್ಟಿಗಳನ್ನು ಕಿತ್ತಾಗ ಕರುಳಿನ ತಂತಿಯೊಂದು ಗೋಡೆಯೊಳಗೆ ಹೋಗುತ್ತಿದ್ದದ್ದು ಕಂಡಿತು. ಅದನ್ನೇ ಹಿಡಿದು ಅಟ್ಟ ಹತ್ತಿದರೆ, ಗಡ್ಡದ ಮುದುಕನೊಬ್ಬ ಒಂದು ಕೈಯಲ್ಲಿ ಒಣ ರೊಟ್ಟಿ ತಿನ್ನುತ್ತ ಇನ್ನೊಂದು ಕೈಯಲ್ಲಿ ಹಿಡಿಕೆ ತಿರುಗಿಸುತ್ತ ಕೂತಿದ್ದ. ಯಂತ್ರಕ್ಕೆ ಊಟ ಎಲ್ಲಿಂದ ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಚರಿತ್ರೆಯಲ್ಲಿ ಬೇರೆಲ್ಲೂ ಸಿಕ್ಕಿಲ್ಲ. ಆ ಮುದುಕನ ಬಗ್ಗೆ ನನಗೆ ಮರುಕವಿದೆ. ನಿಜವಾಗಿ ಕೆಲಸ ಮಾಡುತ್ತಿದ್ದವನು ಅವನೊಬ್ಬನೇ.

ಫಿಲಡೆಲ್ಫಿಯಾದವನೇ ಆದ ಜಾನ್ ಕೀಲಿ ಇಂಥದೇ ಯಂತ್ರದ ಹೆಸರಿನಲ್ಲಿ 1872ರಲ್ಲಿ ಕಂಪನಿ ಕಟ್ಟಿ ಕಾಲು ಶತಮಾನ ಹಣ ಎತ್ತಿದ. 1898ರಲ್ಲಿ ಸತ್ತ ಮೇಲೆ ಅವನ ಪ್ರಯೋಗಾಲಯದ ನೆಲದಡಿ ಗಾಳಿಯನ್ನು ಒತ್ತಿ ತುಂಬಿಡುವ ಭಾರೀ ಲೋಹದ ಗೋಳ ಸಿಕ್ಕಿತು. ಐರ್ಲೆಂಡಿನ ಸ್ಟಿಯೋರ್ನ್ ಕಂಪನಿ 2006ರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ವಿಜ್ಞಾನಿಗಳನ್ನು ತನ್ನ ಯಂತ್ರದ ಪರೀಕ್ಷೆಗೆ ಕರೆಯಿತು. 22 ಮಂದಿಯ ಸಮಿತಿ 2009ರಲ್ಲಿ ಒಮ್ಮತದಿಂದ ಹೇಳಿದ್ದು: ಶಕ್ತಿ ಹುಟ್ಟಿದ ಕುರುಹು ಇಲ್ಲ.

ಈಗಿನ ವಿಡಿಯೊಗಳಲ್ಲಿ ಮುದುಕನ ಜಾಗಕ್ಕೆ ಬಟನ್ ಬ್ಯಾಟರಿ ಬಂದಿದೆ, ಮೇಜಿನ ಹಲಗೆಯ ಕೆಳಗೆ ಅಡಗಿಸಿದ ಪುಟ್ಟ ಮೋಟಾರು ಬಂದಿದೆ, ಕ್ಯಾಮೆರಾದ ಚೌಕಟ್ಟಿನ ಆಚೆಯಿಂದ ಊದುವ ಗಾಳಿ ಬಂದಿದೆ. ಆದರೆ ಮೋಟಾರಿಗೆ ಡೈನಮೊ ಕಟ್ಟಿ, ಆ ಕರೆಂಟಿನಿಂದಲೇ ಮೋಟಾರು ಓಡಿಸುವ ಪ್ರಯತ್ನವನ್ನು ಎಷ್ಟೋ ಮಂದಿ ಪ್ರಾಮಾಣಿಕವಾಗಿಯೇ ಮಾಡುತ್ತಾರೆ. ಅಂಥವರಿಗಾಗಿ ಲೆಕ್ಕ ಹೇಳುತ್ತೇನೆ. ನೂರು ವಾಟ್ ತಿಂದ ಒಳ್ಳೆಯ ಮೋಟಾರು 85 ವಾಟ್‌ನಷ್ಟು ತಿರುಗಿಸುವ ಶಕ್ತಿ ಕೊಟ್ಟಿತು ಎನ್ನೋಣ. ಅದನ್ನು ಪಡೆದ ಡೈನಮೊ ಮತ್ತೆ ನೂರಕ್ಕೆ 85ರಂತೆ ಕೊಟ್ಟರೆ ಕೈಗೆ ಬರುವುದು ಸುಮಾರು 72. ಬೆಲ್ಟಿನ ಜಾರಾಟ ಬೇರೆ. ಎರಡನೆಯ ಸುತ್ತಿಗೆ 52, ಮೂರನೆಯದಕ್ಕೆ 38. ನಡುವೆ ಭಾರದ ಫ್ಲೈವೀಲ್ ಹಾಕಿದರೆ ನಿಲ್ಲುವುದು ತಡವಾಗುತ್ತದೆ, ಅಷ್ಟೇ. ಫ್ಲೈವೀಲ್ ಹುಂಡಿಯಿದ್ದಂತೆ, ಹಾಕಿದ್ದನ್ನು ಕೊಡುತ್ತದೆ, ಬಡ್ಡಿ ಕೊಡುವುದಿಲ್ಲ.

ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲೇ ಇಂಥ ಯಂತ್ರಗಳ ಅರ್ಜಿ ಇನ್ನು ನೋಡುವುದಿಲ್ಲ ಎಂದು ಬಾಗಿಲು ಹಾಕಿತು. ಆಗಿನ್ನೂ ಶಕ್ತಿ ಸಂರಕ್ಷಣೆಯ ನಿಯಮ ಯಾರ ಕೈಗೂ ಬಂದಿರಲಿಲ್ಲ ಎಂಬುದು ಇಲ್ಲಿ ಮುಖ್ಯ. 1840ರ ದಶಕದಲ್ಲಿ ಮೇಯರ್ ಮತ್ತು ಜೌಲ್ ಶಾಖಕ್ಕೂ ಕೆಲಸಕ್ಕೂ ಇರುವ ವಿನಿಮಯದ ದರ ಕಂಡುಹಿಡಿದರು. 1847ರಲ್ಲಿ ಹೆಲ್ಮ್‌ಹೋಲ್ಟ್ಸ್ ಆ ನಿಯಮವನ್ನು ಕಟ್ಟಿ ನಿಲ್ಲಿಸಿದಾಗ ಅವನು ಹೊರಟದ್ದೇ ತಾನಾಗಿ ನಡೆಯುವ ಯಂತ್ರ ಅಸಾಧ್ಯ ಎಂಬಲ್ಲಿಂದ. ಶತಮಾನಗಳ ಸೋತ ಚಕ್ರಗಳೆಲ್ಲ ಸೇರಿ ಭೌತಶಾಸ್ತ್ರದ ಅಡಿಗಲ್ಲಾದವು. ಭಾಸ್ಕರರ ಚಕ್ರದ ಬಗ್ಗೆ ನನಗಿರುವ ಗೌರವಕ್ಕೆ ಇದೂ ಒಂದು ಕಾರಣ.

ಇಷ್ಟು ಹೇಳಿ ನಿಲ್ಲಿಸಿದರೆ ಕಥೆಯ ಒಳ್ಳೆಯ ಭಾಗವೇ ಬಿಟ್ಟುಹೋಗುತ್ತದೆ. ಯಾರೂ ಕೀ ಕೊಡದೆ ನೂರು ವರ್ಷ ದಾಟಿ ನಡೆಯುವ ಯಂತ್ರಗಳು ನಿಜವಾಗಿಯೂ ಇವೆ. ಅವುಗಳಲ್ಲಿ ಹೆಚ್ಚಿನವು ಗಾಳಿ, ಬಿಸಿಲು, ನೀರಿನಿಂದ ತುತ್ತು ಪಡೆಯುತ್ತವೆ. ಆ ತುತ್ತು ಎಷ್ಟು ಸಣ್ಣದೆಂದರೆ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ನ್ಯೂಜಿಲೆಂಡಿನ ಡನೀಡಿನ್ ಊರಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಬೆವರ್ಲಿ 1864ರಲ್ಲಿ ಕಟ್ಟಿದ ಗಡಿಯಾರವಿದೆ. ಅದಕ್ಕೆ ಯಾರೂ ಕೀ ಕೊಟ್ಟಿಲ್ಲ. ಗಾಳಿ ಹೊರಹೋಗದ ಒಂದು ಪೆಟ್ಟಿಗೆ ಅದರ ಹೊಟ್ಟೆ. ಹಗಲು ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಆ ಉಸಿರಾಟ ಪೊರೆಯೊಂದನ್ನು ತಳ್ಳಿ ತೂಕವನ್ನು ಮೇಲೆತ್ತುತ್ತದೆ. ದಿನದಲ್ಲಿ ಸುಮಾರು 3.3 ಡಿಗ್ರಿ ಸೆಲ್ಸಿಯಸ್ ಏರಿಳಿತವಾದರೆ ಒಂದು ಪೌಂಡ್ ತೂಕ ಒಂದು ಅಂಗುಲ ಮೇಲೇರುತ್ತದೆ. ಗಡಿಯಾರಕ್ಕೆ ಅಷ್ಟು ಸಾಕು. ಶುಚಿ ಮಾಡಲು ನಿಲ್ಲಿಸಿದ್ದುಂಟು. ಹವೆ ಏರದೆ ಇಳಿಯದೆ ಒಂದೇ ಸಮನಿದ್ದಾಗ ತಾನಾಗಿ ನಿಂತದ್ದೂ ಉಂಟು. ಹವೆ ಬದಲಾದ ಮೇಲೆ ಮತ್ತೆ ನಡೆಯಿತು.

ಇದಕ್ಕೂ ಮೊದಲು, 1760ರ ದಶಕದಲ್ಲಿ, ಲಂಡನ್ನಿನ ಜೇಮ್ಸ್ ಕಾಕ್ಸ್ 68 ಕಿಲೊ ಪಾದರಸದ ವಾಯುಭಾರಮಾಪಕದಿಂದ ತಾನೇ ಕೀ ಕೊಟ್ಟುಕೊಳ್ಳುವ ಗಡಿಯಾರ ಮಾಡಿದ್ದ. ಭಾಸ್ಕರರ ಕಡ್ಡಿಗಳಲ್ಲಿ ಸೋತ ಪಾದರಸ ಇಲ್ಲಿ ಗೆದ್ದದ್ದು ಹೇಗೆಂದರೆ, ಹೊರಗಿನ ಗಾಳಿಯ ಒತ್ತಡ ಅದನ್ನು ಏರಿಳಿಸುತ್ತಿತ್ತು. ಸ್ವಿಸ್ ಎಂಜಿನಿಯರ್ ಜಾನ್-ಲೇಯೊನ್ ರೂಟರ್ 1928ರಲ್ಲಿ ಮಾಡಿದ ಆಟ್ಮೋಸ್ ಗಡಿಯಾರ ಇದೇ ವಂಶದ್ದು, ಇಂದಿಗೂ ತಯಾರಾಗುತ್ತಿದೆ. ಬೇಗ ಆವಿಯಾಗುವ ಈಥೈಲ್ ಕ್ಲೋರೈಡ್ ಮುಚ್ಚಿದ ಡಬ್ಬಿಯಲ್ಲಿದ್ದು, ಕೋಣೆಯ ಹವೆ ಒಂದು ಡಿಗ್ರಿ ಬದಲಾದರೆ ಎರಡು ದಿನಕ್ಕಾಗುವಷ್ಟು ಕೀ ತುಂಬುತ್ತದೆ. ಆರು ಕೋಟಿ ಆಟ್ಮೋಸ್‌ಗಳು ಸೇರಿ ತಿನ್ನುವುದು 15 ವಾಟ್‌ನ ಒಂದು ಬಲ್ಬಿನಷ್ಟು ಎಂದು ತಯಾರಕರ ಹೇಳಿಕೆ. ಹೆಚ್ಚು ಶಕ್ತಿ ಹುಟ್ಟಿಸುವ ಹುಚ್ಚು ಬಿಟ್ಟು, ಬೇಕಾದ್ದನ್ನು ಇಷ್ಟು ಇಳಿಸಿದವರ ಜಾಣ್ಮೆಗೆ ನಾನು ತಲೆಬಾಗುತ್ತೇನೆ.

ಆಕ್ಸ್‌ಫರ್ಡಿನ ಕ್ಲಾರೆಂಡನ್ ಪ್ರಯೋಗಾಲಯದಲ್ಲಿರುವ ಗಂಟೆಯೊಂದು 1840ರಿಂದ ಬಡಿಯುತ್ತಿದೆ. ಎರಡು ಪುಟ್ಟ ಗಂಟೆಗಳ ನಡುವೆ 4 ಮಿಲಿಮೀಟರಿನ ಲೋಹದ ಗುಂಡು ಸೆಕೆಂಡಿಗೆ ಎರಡು ಸಲ ಓಲಾಡುತ್ತದೆ; ಬಡಿತಗಳ ಸಂಖ್ಯೆ ಸಾವಿರ ಕೋಟಿಯ ಆಸುಪಾಸು. ಊಟ ಹಾಕುವುದು ಗಂಧಕದ ಲೇಪ ಹಚ್ಚಿ ಮುಚ್ಚಿದ ಎರಡು ಒಣ ಬ್ಯಾಟರಿಗಳು. ಒಳಗೆ ಏನಿದೆ ಎಂದು ನೋಡಬೇಕಾದರೆ ಒಡೆಯಬೇಕು, ಒಡೆದರೆ ಪ್ರಯೋಗ ಮುಗಿಯುತ್ತದೆ. ಅದಕ್ಕೇ ಯಾರೂ ಮುಟ್ಟಿಲ್ಲ.

ಅಂಗಡಿಗಳಲ್ಲಿ ಸಿಗುವ ನೀರು ಕುಡಿಯುವ ಗಾಜಿನ ಹಕ್ಕಿಯನ್ನು ನೀವೂ ನೋಡಿರಬಹುದು. ಬೆಲ್ ಪ್ರಯೋಗಾಲಯದ ಮೈಲ್ಸ್ ಸಲಿವನ್ 1946ರಲ್ಲಿ ಅಮೆರಿಕದಲ್ಲಿ ಅದರ ಪೇಟೆಂಟ್ ಪಡೆದ. ಒದ್ದೆಯಾದ ತಲೆಯಿಂದ ನೀರು ಆವಿಯಾಗಿ ತಲೆ ತಣ್ಣಗಾಗುತ್ತದೆ, ಒಳಗಿನ ದ್ರವ ಕೊಳವೆಯಲ್ಲಿ ಮೇಲೇರುತ್ತದೆ, ತಲೆ ಭಾರವಾಗಿ ಬಾಗುತ್ತದೆ, ಬಾಗಿದಾಗ ದ್ರವ ಹಿಂದಕ್ಕಿಳಿದು ಹಕ್ಕಿ ಎದ್ದು ನಿಲ್ಲುತ್ತದೆ. ಅಂದರೆ ಅದೊಂದು ಶಾಖದ ಎಂಜಿನ್. ಬಟ್ಟೆಯೇ ಒಣಗದ ನಮ್ಮ ಆಷಾಢದ ಮಳೆಯಲ್ಲಿ ಆ ಹಕ್ಕಿಯ ಬಾಯಾರಿಕೆ ತಗ್ಗುತ್ತದೆ.

ದೊಡ್ಡ ಯಂತ್ರಗಳಿಗೆ ಬಂದರೆ, ನನ್ನ ಮಟ್ಟಿಗೆ ಸ್ವಯಂವಹ ಚಕ್ರದ ಕನಸಿಗೆ ಸಿಕ್ಕ ಅತ್ಯಂತ ಸುಂದರ ಉತ್ತರ ಸ್ಕಾಟ್ಲೆಂಡಿನ ಫಾಲ್ಕರ್ಕ್ ಚಕ್ರ. ಎರಡು ಕಾಲುವೆಗಳ ನಡುವೆ ದೋಣಿಗಳನ್ನು ಏರಿಳಿಸಲು ಹಿಂದೆ 11 ಲಾಕ್‌ಗಳ, ಅಂದರೆ ನೀರು ತುಂಬಿ ಇಳಿಸುವ ಕಟ್ಟೆಗಳ, ಮೆಟ್ಟಿಲಿತ್ತು. ಅದು ಹಾಳಾಗಿ ಹೋದ ಮೇಲೆ, 2002ರಲ್ಲಿ 35 ಮೀಟರ್ ಎತ್ತರದ ಚಕ್ರ ಬಂತು. ಅದರ ಎರಡು ತೋಳುಗಳಲ್ಲಿ ಎರಡು ತೊಟ್ಟಿ, ಒಂದೊಂದರಲ್ಲೂ ಎರಡೂವರೆ ಲಕ್ಷ ಲೀಟರ್ ನೀರು. ದೋಣಿ ತೊಟ್ಟಿಯೊಳಗೆ ಬಂದಾಗ ತನ್ನ ತೂಕದಷ್ಟೇ ನೀರನ್ನು ಹೊರತಳ್ಳುತ್ತದೆ. ಆದ್ದರಿಂದ ಒಂದರಲ್ಲಿ ದೋಣಿಯಿದ್ದು ಇನ್ನೊಂದರಲ್ಲಿ ಬರೀ ನೀರಿದ್ದರೂ ತೂಕ ಸಮ. ತಿರುಗಿಸಲು ಬೇಕಾದದ್ದು ಘರ್ಷಣೆ ಮತ್ತು ಜಡತ್ವವನ್ನು ಗೆಲ್ಲುವಷ್ಟು ಬಲ ಮಾತ್ರ. ಅರ್ಧ ಸುತ್ತಿಗೆ ಸುಮಾರು 1.5 ಯೂನಿಟ್ ಕರೆಂಟ್, ಎಂಟು ಕೆಟಲ್ ನೀರು ಕುದಿಸಿದಷ್ಟು. ಭಾಸ್ಕರರಿಂದ ಬೆಸ್ಲರ್‌ವರೆಗೆ ಎಲ್ಲರೂ ಚಕ್ರದ ಒಂದು ಬದಿಯನ್ನು ಸದಾ ಭಾರ ಮಾಡಲು ಹೆಣಗಿದರು. ಇಲ್ಲಿನ ಎಂಜಿನಿಯರುಗಳು ಎರಡೂ ಬದಿಯನ್ನು ಸದಾ ಸಮ ಮಾಡಿದರು, ನೂರಾರು ಟನ್ ಹಗುರಾಯಿತು.

ಇಂಗ್ಲೆಂಡಿನ ಲಿಂಟನ್ ಮತ್ತು ಲಿನ್‌ಮತ್ ಊರುಗಳ ನಡುವಿನ ಕಡಿದಾದ ಗುಡ್ಡದ ರೈಲು 1890ರಿಂದ ಎಂಜಿನ್ ಇಲ್ಲದೆ ಓಡುತ್ತಿದೆ. ಎರಡು ಬೋಗಿ, ನಡುವೆ ಹಗ್ಗ. ಮೇಲಿನದಕ್ಕೆ ನದಿಯ ನೀರು ತುಂಬಿದರೆ ಅದು ಇಳಿಯುತ್ತ ಕೆಳಗಿನದನ್ನು ಎಳೆದುಕೊಳ್ಳುತ್ತದೆ, ಕೆಳಗೆ ಬಂದು ನೀರು ಚೆಲ್ಲುತ್ತದೆ.

ಈಗ ಭಾವಮೈದುನನ ಪಂಪಿನ ವಿಷಯ. ಅವನಿಗೆ ನಾನು ಹೇಳಿದ್ದು ಹೈಡ್ರಾಲಿಕ್ ರ‍್ಯಾಮ್ ಬಗ್ಗೆ. 1772ರಲ್ಲಿ ಇಂಗ್ಲೆಂಡಿನ ಜಾನ್ ವೈಟ್‌ಹರ್ಸ್ಟ್ ಕೈಯಿಂದ ನಡೆಸುವ ರೂಪದಲ್ಲಿ ಇದನ್ನು ಮಾಡಿದ. ಬಿಸಿಗಾಳಿಯ ಬಲೂನು ಹಾರಿಸಿದ ಸೋದರರಲ್ಲಿ ಒಬ್ಬನಾದ ಜೋಸೆಫ್ ಮಾಂಟ್‌ಗಾಲ್ಫಿಯೆ 1796ರಲ್ಲಿ ತಾನೇ ಬಡಿದುಕೊಳ್ಳುವಂತೆ ತಿದ್ದಿದ. ಹಳ್ಳದ ನೀರು ಇಳಿಜಾರು ಪೈಪಿನಲ್ಲಿ ಓಡಿ ಬಂದು ಒಂದು ಕವಾಟದಿಂದ ಹೊರಗೆ ಚೆಲ್ಲುತ್ತದೆ. ವೇಗ ಹೆಚ್ಚಿದಾಗ ನೀರೇ ಆ ಕವಾಟವನ್ನು ದಬಕ್ಕನೆ ಮುಚ್ಚಿಬಿಡುತ್ತದೆ. ಓಡುತ್ತಿದ್ದ ನೀರಿಗೆ ದಾರಿಯಿಲ್ಲ, ಒತ್ತಡ ಒಮ್ಮೆಲೇ ನೆಗೆಯುತ್ತದೆ. ನಲ್ಲಿಯನ್ನು ಗಕ್ಕನೆ ನಿಲ್ಲಿಸಿದಾಗ ಪೈಪು ದಡ್ ಎನ್ನುತ್ತದಲ್ಲ, ಅದೇ ಏಟು. ಆ ಏಟಿಗೆ ಒಂದಿಷ್ಟು ನೀರು ಇನ್ನೊಂದು ಕವಾಟ ತೆರೆದು ಮೇಲಕ್ಕೆ ಹೋಗುತ್ತದೆ. ಒತ್ತಡ ಇಳಿದೊಡನೆ ಮೊದಲ ಕವಾಟ ಬಿಚ್ಚಿಕೊಳ್ಳುತ್ತದೆ, ಮತ್ತೆ ಅದೇ ಆಟ, ಹಗಲೂ ರಾತ್ರಿ. ಬಹುಪಾಲು ನೀರು ಕೆಳಗೇ ಹರಿದುಹೋಗುತ್ತದೆ. ಅದು ನಷ್ಟವಲ್ಲ, ಕೂಲಿ.

ಇಳಿಜಾರಿನ ನೀರನ್ನು ನಂಬಿ ಬದುಕುವುದು ನಮ್ಮವರಿಗೆ ಹೊಸತಲ್ಲ. ಗುಡ್ಡದ ಅಬ್ಬಿ ನೀರನ್ನು ಪೈಪಿನಲ್ಲಿ ಮನೆ ಬಾಗಿಲಿಗೆ ತಂದುಕೊಂಡ ಮಲೆನಾಡಿನ ಮನೆಗಳಿಗೆ ಲೆಕ್ಕವಿಲ್ಲ. ಕಾಸರಗೋಡು, ದಕ್ಷಿಣ ಕನ್ನಡದ ಸುರಂಗಗಳು ಇನ್ನೂ ದೊಡ್ಡ ಮಾತು: ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ, ಒಸರುವ ನೀರು ತಾನಾಗಿ ಹೊರಗೆ ಹರಿಯುತ್ತದೆ, ಎತ್ತುವ ಕೆಲಸವೇ ಇಲ್ಲ. ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗಗಳನ್ನು ಕೊರೆದರು. ಹಲವು ನೀರು ಕಾಣದೆ ಹೋದವು, ಅವರು ಬಿಡಲಿಲ್ಲ, ಕೊನೆಗೆ ನೀರು ಬಂತು, ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಆಯಸ್ಕಾಂತದ ಚಕ್ರದ ವಿಡಿಯೊಗಳ ನಡುವೆ ಅವರ ವಿಡಿಯೊ ಕೂಡ ಓಡಾಡುತ್ತಿದೆ. ಅದನ್ನು ನಾನು ಭಾವಮೈದುನನಿಗೆ ಎರಡು ಸಲ ಕಳಿಸಿದೆ.

ಕಳೆದ ವಾರ ಅವನು ಟೇಪು ಹಿಡಿದು ಹಳ್ಳಕ್ಕೆ ಇಳಿದು ಅಳತೆ ಕಳಿಸಿದ. ಇಳಿಜಾರು 3 ಮೀಟರ್. ಹೊಸದಾಗಿ ಅಡಿಕೆ ನೆಟ್ಟ ಗುಡ್ಡ ಅಲ್ಲಿಂದ 20 ಮೀಟರ್ ಮೇಲೆ. ಪೈಪಿಗೆ ನಿಮಿಷಕ್ಕೆ 60 ಲೀಟರ್ ನೀರು ಸಿಕ್ಕಿ, ರ‍್ಯಾಮ್ ನೂರಕ್ಕೆ ಅರವತ್ತರಷ್ಟು ದಕ್ಷತೆಯಿಂದ ಬಡಿದರೆ ಮೇಲೆ ತಲುಪುವುದು ನಿಮಿಷಕ್ಕೆ 5.4 ಲೀಟರ್. ಕೇಳಲು ಅಷ್ಟೇ ಅನ್ನಿಸುತ್ತದೆ. ಅದು ನಿದ್ದೆ ಮಾಡುವುದಿಲ್ಲವಾದ್ದರಿಂದ ದಿನಕ್ಕೆ 7,700 ಲೀಟರ್ ದಾಟುತ್ತದೆ. ಗಿಡಕ್ಕೆ 20 ಲೀಟರ್ ಎಂದರೂ 380 ಗಿಡ. ಲೆಕ್ಕ ನೋಡಿ ಅವನು ಫೋನ್ ಮಾಡಿದ. ‘ಭಾವ, ಲೆಕ್ಕ ಸರಿ. ಆದರೆ ಶಿವರಾತ್ರಿ ಕಳೆದ ಮೇಲೆ ಹಳ್ಳದಲ್ಲಿ ಇಷ್ಟು ನೀರಿರೋದಿಲ್ಲ. ಆಗ ಕೊಡಪಾನ, ವಾಚು ಹಿಡ್ಕೊಂಡು ಇನ್ನೊಂದು ಸಲ ಅಳೀತೇನೆ. ಪೈಪು ಆಮೇಲೆ ತರೋಣ.’